ಅಕ್ಕನ ಹುಣಸೆಗಿಡದ ಸುತ್ತಳತೆ

ಒಂದು ಕಡೆ ಸುಮ್ಮನೆ ಕೂರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಕೂತರೆ ಕಾಲು ಅಲುಗುತ್ತದೆ, ನಿಂತರೆ ಕಣ್ಣು ಓಡಾಡುತ್ತದೆ. ನೌಕರಿಯೂ ಇದಕ್ಕೆ ತಕ್ಕದ್ದೇ ಸಿಕ್ಕಿತು. ಸರಕಾರ ರಸ್ತೆಗೋ ಕಾಲುವೆಗೋ ಯಾರದಾದರೂ ಹೊಲದ ಒಂದು ಪಟ್ಟಿಯನ್ನು ತೆಗೆದುಕೊಳ್ಳುವಾಗ, ಆ ಪಟ್ಟಿಯಲ್ಲಿ ನಿಂತ ಹಣ್ಣಿನ ಗಿಡಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಕಟ್ಟಿಗೆಯ ಗಿಡಗಳು ಅರಣ್ಯದವರ ಪಾಲು, ಹಣ್ಣಿನವು ತೋಟಗಾರಿಕೆ ಇಲಾಖೆಯ ನಮ್ಮ ಪಾಲು. ನಮ್ಮ ಕಡೆ ಆಕಾಶ ಮುಟ್ಟಿದರೂ ಅದು ಗಿಡವೇ, ಮರ ಎನ್ನುವುದು ಪುಸ್ತಕದಲ್ಲಿ ಮಾತ್ರ.

ಚಿಕ್ಕೋಡಿಯ ಕಚೇರಿಯಿಂದ ಬೈಕಿನ ಮೇಲೆ ಹೊರಟರೆ ಒಂದು ದಿನ ನಿಪ್ಪಾಣಿ ಕಡೆ, ಮರುದಿನ ಅಥಣಿ ಕಡೆ, ಅದರ ಮರುದಿನ ಇನ್ನೆಲ್ಲೋ. ಚೀಲದಲ್ಲಿ ಅಳತೆಯ ಟೇಪು, ಸುಣ್ಣದ ಡಬ್ಬಿ, ಪಂಚನಾಮೆಯ ಫಾರಂ, ಎರಡು ರೊಟ್ಟಿ. ಗಿಡದ ಎದೆಯೆತ್ತರಕ್ಕೆ ಟೇಪು ಸುತ್ತಬೇಕು, ವಯಸ್ಸು ಬರೆಯಬೇಕು, ವರ್ಷಕ್ಕೆ ಎಷ್ಟು ಫಲ ಕೊಡುತ್ತದೆ ಎಂದು ಬರೆಯಬೇಕು, ಇನ್ನು ಎಷ್ಟು ವರ್ಷ ಬದುಕುತ್ತಿತ್ತು ಎಂಬುದನ್ನೂ ಬರೆಯಬೇಕು. ಸುತ್ತಳತೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅಂದಾಜು. ಆ ಅಂದಾಜಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನಗಿತ್ತು. ದೂರದಿಂದ ನೋಡಿ ಸುತ್ತಳತೆ ಹೇಳಿ, ಆಮೇಲೆ ಟೇಪು ಹಿಡಿದು ನಾಲ್ಕು ಬೆರಳಿನೊಳಗೆ ಸರಿ ಬಂದರೆ ಮೀಸೆ ತಿರುವುತ್ತಿದ್ದೆ.

ಚಟ ಹೇಗೆ ಅಂಟಿತೆಂದರೆ, ರಜೆಯ ದಿನವೂ ಬಿಡಲಿಲ್ಲ. ಕೊಕಟನೂರಿನ ಯಲ್ಲಮ್ಮನ ದರ್ಶನಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋದಾಗ ಸಾಲಿನಲ್ಲಿ ನಿಂತು ಹೊರಗಿನ ಬೇವಿನ ಗಿಡಗಳನ್ನು ಒಂದೊಂದಾಗಿ ಅಳೆಯುತ್ತಿದ್ದೆ. ಅವು ನನ್ನ ಪಾಲಿನವೂ ಅಲ್ಲ. ಹೆಂಡತಿ ಮೊಣಕೈಯಿಂದ ತಿವಿದು ಹೇಳಿದಳು.

"ಮದಲ ದೇವಿಗೆ ಕೈ ಮುಗೀರಿ. ರೇಟ ಆಮ್ಯಾಲ ಹಚ್ಚೂರಂತ."

ಹುಣಸೆಗಿಡ ಬಂದಾಗ ಮಾತ್ರ ನನ್ನ ಬುದ್ಧಿ ಬೇರೆ ಥರ ಆಗುತ್ತಿತ್ತು. ಅಂದಾಜು ಹೇಳುವ ಆಟ ಇಲ್ಲ, ರೈತನ ಜೊತೆ ಮಾತಿಲ್ಲ. ಟೇಪು ಸುತ್ತು, ಬರಿ, ಮುಂದಕ್ಕೆ ನಡೆ. ಆ ನೆರಳಲ್ಲಿ ಬುತ್ತಿ ಬಿಚ್ಚಲೂ ಒಪ್ಪುತ್ತಿರಲಿಲ್ಲ. ಜೊತೆಯ ಸಿಪಾಯಿ, ಸಾಹೇಬರಿಗೆ ಹುಣಸೆಗಿಡದ ದೆವ್ವದ ಅಂಜಿಕೆ ಐತಿ ಎಂದು ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವನ ಮಾತು ತೀರಾ ಸುಳ್ಳೇನಲ್ಲ. ನನಗೆ ಅಂಜಿಕೆ ಇದ್ದದ್ದು ನಿಜ, ಆದರೆ ದೆವ್ವದ್ದಲ್ಲ, ನನ್ನ ಸ್ವಂತ ಅಕ್ಕನದು.

ನಮ್ಮ ಹೊಲ ರಾಯಬಾಗದ ಕಡೆಗಿದೆ. ಹೊಲದ ಮೂಡಣ ಬದುವಿನ ಮೇಲೆ ಒಂದು ಹುಣಸೆಗಿಡ ಇತ್ತು. ಅಕ್ಕನ ಮದುವೆಯಲ್ಲಿ ಅಪ್ಪ ನಾಲ್ಕು ಮಂದಿ ಹಿರಿಯರ ಮುಂದೆ ಆ ಗಿಡವನ್ನು ಅವಳಿಗೆ ಅರಿಷಿಣ ಕುಂಕುಮಕ್ಕೆ ಅಂತ ಕೊಟ್ಟ. ಹೊಲ ಕೊಡುವಷ್ಟು ನಮ್ಮಲ್ಲಿ ಇರಲಿಲ್ಲ, ಹಾಗಾಗಿ ಗಿಡ. ನೆಲ ಗಂಡುಮಗನದು, ಆ ನೆಲದ ಮೇಲೆ ನಿಂತ ಗಿಡದ ಫಲ ಹೆಣ್ಣುಮಗಳದು. ಇದಕ್ಕೆ ಕಾಗದ ಇಲ್ಲ, ಸಹಿ ಇಲ್ಲ. ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಇದು ಬರುವುದಿಲ್ಲ. ನಮ್ಮ ಕಡೆ ಹೀಗೆ ಕೊಟ್ಟ ಗಿಡಗಳು ಊರಿಗೆ ಎರಡೋ ಮೂರೋ ಇರುತ್ತವೆ, ಯಾವುದು ಯಾರ ಮನೆಯ ಮಗಳದು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

ಅಕ್ಕನನ್ನು ಉಗಾರ ಖುರ್ದಕ್ಕೆ ಕೊಟ್ಟಿದ್ದರು. ಅವಳ ಗಂಡ, ನಮ್ಮ ಮಾಮಾ, ಅಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ನೌಕರ. ಪ್ರತಿ ವರ್ಷ ಶಿವರಾತ್ರಿಯ ಆಚೀಚೆ ಹಣ್ಣು ಬಡಿದು ಉದುರಿಸಿ, ಎರಡು ಚೀಲ ತುಂಬಿ, ಬಸ್ಸಿನ ಮೇಲೆ ಹಾಕಿಕೊಂಡು ಉಗಾರಕ್ಕೆ ಒಯ್ದು ಕೊಡುವುದು ನನ್ನ ಪಾಲಿನ ಕೆಲಸವಾಗಿತ್ತು. ಕಂಡಕ್ಟರನ ಜೊತೆ ಲಗೇಜಿಗೆ ಜಗಳ, ಇಳಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ತಲೆಯ ಮೇಲೆ ಚೀಲ ಹೊತ್ತು ನಡೆಯುವುದು, ಬಾಗಿಲಲ್ಲಿ ಅಕ್ಕ. ನೌಕರಿ ಹತ್ತಿದ ಮೇಲೂ ಇದು ತಪ್ಪಿರಲಿಲ್ಲ.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ನಾನು ಆ ಗಿಡ ಕಡಿಸಿದೆ.

ಕಾರಣ ದೊಡ್ಡದೇನೂ ಅಲ್ಲ. ನೀರು ಬಂದಿತ್ತು, ಕಬ್ಬು ಹಚ್ಚಿದ್ದೆ. ಗಿಡದ ನೆರಳಿಗೆ ಆರು ಸಾಲು ಕಬ್ಬು ಸೊರಗಿ ನಿಲ್ಲುತ್ತಿತ್ತು. ಹೊಲಕ್ಕೆ ಹೋದಾಗಲೆಲ್ಲ ಬೆಳೆದ ಕಬ್ಬು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ, ಆ ಆರು ಸಾಲೇ ಕಣ್ಣು ಕುಕ್ಕುತ್ತಿತ್ತು. ನಿಪ್ಪಾಣಿಯ ಕಟ್ಟಿಗೆ ವ್ಯಾಪಾರಿಯೊಬ್ಬ ಕೇಳಿದ, ಒಂದೇ ಮಾತಿಗೆ ಕೊಟ್ಟೆ. ಬಂದ ಹಣ ಪೈಪ್‌ಲೈನಿಗೆ ಹೋಯಿತು. ಅಕ್ಕನಿಗೆ ಫೋನು ಮಾಡಿ, ಗಿಡ ಒಳಗೆ ಟೊಳ್ಳಾಗಿತ್ತು, ಗಾಳಿಗೆ ಯಾರ ಮೇಲಾದರೂ ಬಿದ್ದೀತೆಂದು ಕಡಿಸಬೇಕಾಯಿತು, ಟೊಳ್ಳು ಗಿಡಕ್ಕೆ ಏನು ಬರುತ್ತದೆ, ಕಡಿದವರ ಕೂಲಿಗೆ ಸರಿಹೋಯಿತು ಎಂದೆ. ಗಿಡಗಳಿಗೆ ಬೆಲೆ ಕಟ್ಟುವ ತಮ್ಮ ಹೇಳಿದ ಮೇಲೆ ಮುಗಿಯಿತು. ಅವಳು ಆತು ಬಿಡು ಅಂದಳು.

ಆ ಗಿಡ ಟೊಳ್ಳಾಗಿರಲಿಲ್ಲ. ಗರಗಸ ಎರಡು ಸಲ ಮುರಿದಿತ್ತು.

ಮೂರು ವರ್ಷದ ಮೇಲೆ ಅವ್ವ ತೀರಿಕೊಂಡಳು. ದಿನಕಾರ್ಯಕ್ಕೆ ಅಕ್ಕ ಬಂದಿದ್ದಳು. ಸಂಜೆ ಎಲ್ಲಿಯೂ ಕಾಣಲಿಲ್ಲ ಎಂದು ಹುಡುಕುತ್ತ ಹೊಲಕ್ಕೆ ಹೋದರೆ, ಬದುವಿನ ಮೇಲೆ ಆ ಗಿಡದ ಬೊಡ್ಡೆ ಉಳಿದಿತ್ತಲ್ಲ, ಅದರ ಮೇಲೆ ಒಬ್ಬಳೇ ಕೂತಿದ್ದಳು. ನಾನು ಕಬ್ಬಿನ ಮರೆಯಲ್ಲಿ ನಿಂತು ನೋಡಿ, ಕರೆಯದೆ ಹಿಂದಿರುಗಿದೆ. ಅವಳು ಏನೂ ಕೇಳಲಿಲ್ಲ. ಮುಂದಿನ ತಿಂಗಳು ಜೆಸಿಬಿ ತರಿಸಿ ಬೊಡ್ಡೆಯನ್ನೂ ಕೀಳಿಸಿ ಸುಟ್ಟುಬಿಟ್ಟೆ.

ಅಲ್ಲಿಂದ ಮುಂದೆ ಉಗಾರಕ್ಕೆ ಹೋಗುವುದು ಕಡಿಮೆಯಾಯಿತು. ಒಯ್ಯಲು ಏನೂ ಇರಲಿಲ್ಲ, ಬರಿಗೈಯಲ್ಲಿ ಹೋದರೆ ಮಾತು ಗಿಡಕ್ಕೆ ಬಂದೀತೆಂಬ ಹೆದರಿಕೆ. ಮದುವೆ, ಬಸುರಿಯ ಕುಬಸ, ಸತ್ತವರ ಮಣ್ಣು, ಇಷ್ಟಕ್ಕೇ ಹೋಗಿ ಊಟ ಮಾಡಿ ಗಡಿಬಿಡಿಯಲ್ಲಿ ಎದ್ದು ಬರುತ್ತಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡವನು ಎಂದು ಎಲ್ಲರೂ ನಗುತ್ತಿದ್ದರು. ಅದು ನನಗೆ ಅನುಕೂಲವೇ ಆಗಿತ್ತು. ಹೀಗೆ ಗಿಡ ಕಡಿಸಿ ಹದಿನೆಂಟು ವರ್ಷ ದಾಟಿದವು.

ಈಚೆಗೆ, ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ, ಏಕಸಂಬಿಯ ಕಡೆ ಒಂದು ರಸ್ತೆ ಅಗಲ ಮಾಡುವ ಕೆಲಸ ಬಂತು. ಬೇಸಿಗೆ. ಒಂದೇ ದಿನ ಇಪ್ಪತ್ತು ಗಿಡ ಮುಗಿಸಬೇಕಿತ್ತು. ಹನ್ನೊಂದು ಗಂಟೆಗೆ ಒಬ್ಬ ರೈತನ ಹೊಲಕ್ಕೆ ಬಂದೆವು. ನನ್ನದೇ ವಯಸ್ಸಿನವನು, ಬಿಳಿ ಟೋಪಿ, ಎರಡು ಎಮ್ಮೆ, ಎರಡೆಕರೆ ನೆಲ. ರಸ್ತೆಯ ಪಟ್ಟಿಯಲ್ಲಿ ಅವನ ಐದು ಗಿಡ ಬಂದಿದ್ದವು. ನಾಲ್ಕಕ್ಕೆ ಅವನು ತಕರಾರಿಲ್ಲದೆ ಹೂಂ ಅಂದ. ಐದನೆಯದು ಹಳೆಯ ಮಾವಿನ ಗಿಡ, ಉಪ್ಪಿನಕಾಯಿಗೆ ಹೇಳಿ ಮಾಡಿಸಿದ ಹುಳಿಮಾವು. ಟೇಪು ತೆಗೆಯುತ್ತಿದ್ದಂತೆ ಅವನು ಅಡ್ಡ ಬಂದ.

"ಸಾಹೇಬ್ರ, ಇದ ನಂದಲ್ರಿ. ನಮ್ಮ ತಂಗಿದ ಐತಿ. ಆಕಿ ಹೆಸರ ಬರೀರಿ."

ಉತಾರದಲ್ಲಿ ತಂಗಿಯ ಹೆಸರಿದೆಯೇ ಎಂದು ಕೇಳಿದೆ. ಇಲ್ಲ ಅಂದ. ಅರಿಷಿಣ ಕುಂಕುಮಕ್ಕೆ ಕೊಟ್ಟದ್ದು, ತಂಗಿ ಇಚಲಕರಂಜಿಯಲ್ಲಿರುತ್ತಾಳೆ, ಪ್ರತಿ ವರ್ಷ ಕಾಯಿ ಇಳಿಸಿ ತಾನೇ ಒಯ್ದು ಮುಟ್ಟಿಸುತ್ತೇನೆ ಎಂದ. ನೆಲ ಯಾರದೋ ಗಿಡ ಅವರದೇ, ಕಾನೂನು ಹಾಗೆ ಎಂದು ನಾನು ವಿವರಿಸಿದೆ. ಅವನು ತಲೆಯಾಡಿಸಿ ಎಲ್ಲ ಕೇಳಿಸಿಕೊಂಡು, ಹಂಗಾರ ನಾ ಸಹಿ ಮಾಡಾಂಗಿಲ್ರಿ ಅಂದ.

ನನಗೆ ಸಿಟ್ಟು ನೆತ್ತಿಗೇರಿತು. ಬಿಸಿಲು, ಉಳಿದ ಹದಿನಾಲ್ಕು ಗಿಡ, ಮೇಲಾಗಿ ಈ ಮಾತು. ಸರಕಾರ ಹಣ ಕೊಡುವುದು ನಿನ್ನ ಕೈಗೆ, ಆಮೇಲೆ ತಂಗಿಗಾದರೂ ಕೊಡು, ಬಾವಿಗಾದರೂ ಹಾಕು ಎಂದು ಗದರಿದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಸಿಪಾಯಿ ನನ್ನ ಮುಖ ನೋಡಿದ. ರೈತ ಮಾತ್ರ ಬಿಸಿಯಾಗಲಿಲ್ಲ. ಟೇಪು ಬೇಕಾದರೆ ಸುತ್ತಿಕೊಳ್ಳಿರಿ, ಆದರೆ ತಾನೂ ಒಂದು ಸಲ ಅಳೆದು ತಂಗಿಗೆ ಹೇಳಬೇಕು ಎಂದು ಹೆಂಡತಿಯನ್ನು ಕರೆದ. ಗಂಡ ಹೆಂಡತಿ ಇಬ್ಬರೂ ಗಿಡವನ್ನು ತಬ್ಬಿ ನಿಂತರು. ಈ ಕಡೆ ಕೈ ಕೂಡಿತು, ಆ ಕಡೆ ಬಗ್ಗಿ ನೋಡಿದ.

"ಎರಡ ತೆಕ್ಕಿ, ಮ್ಯಾಲ ಒಂದ ಗೇಣು," ಎಂದು ತಂಗಿಗೆ ಫೋನಿನಲ್ಲಿ ಹೇಳಿದ.

ತೆಕ್ಕೆ ಎಂದರೆ ಒಬ್ಬ ಮನುಷ್ಯ ಎರಡೂ ಕೈ ಚಾಚಿ ತಬ್ಬಿದಷ್ಟು ಅಳತೆ. ನಾನು ಅದನ್ನು ಕೇಳಿಯೇ ಎಷ್ಟು ವರ್ಷಗಳಾಗಿದ್ದವೋ. ಬೇಗ ಮುಗಿಸಿ ಹೊರಡಬೇಕೆಂಬ ಒಂದೇ ಹಟಕ್ಕೆ, ಈ ಗಿಡದ ಫಲ ತಮ್ಮ ತಂಗಿಗೆ ಸೇರಿದ್ದೆಂದು ಖಾತೆದಾರರು ತಿಳಿಸಿದ್ದಾರೆ ಎಂದು ಷರಾ ಎಂಬ ಟಿಪ್ಪಣಿಯ ಕಲಮಿನಲ್ಲಿ ಒಂದು ಸಾಲು ಬರೆದುಬಿಟ್ಟೆ. ಅವನು ಓದಿ ನೋಡಿ, ಸಮಾಧಾನವಾಗಿ ಸಹಿ ಮಾಡಿದ.

ಮೂವತ್ತು ವರ್ಷದಲ್ಲಿ ನಾನು ಹೀಗೆ ಎಂದೂ ಬರೆದಿರಲಿಲ್ಲ. ಮೇಲಿನವರು ಆ ಸಾಲಿನ ಸುತ್ತ ಕೆಂಪು ಗೆರೆ ಎಳೆದು ಕಾಗದವನ್ನು ಹಿಂದಕ್ಕೆ ಕಳಿಸಿದರು. ಮಾಲೀಕತ್ವದ ತಕರಾರು ಎಂದಾದರೆ ಆ ರೈತನ ಐದೂ ಗಿಡದ ಹಣ ನಿಂತುಹೋಗುತ್ತದೆ, ಕೋರ್ಟಿನ ದಾರಿ ಹಿಡಿಯಬೇಕಾಗುತ್ತದೆ, ಹೊಸ ಪಂಚನಾಮೆ ಮಾಡಿಕೊಂಡು ಬಾ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಉಪಕಾರ ಮಾಡಲು ಹೋಗಿ ಆ ಮನುಷ್ಯನ ಬುಡಕ್ಕೇ ಕೊಡಲಿ ಹಾಕಿದ್ದೆ.

ಮತ್ತೆ ಏಕಸಂಬಿಗೆ ಹೋದೆ. ಬೈಯಿಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವನು ಬೈಯಲಿಲ್ಲ. ಹೊಸ ಕಾಗದವನ್ನು ಎರಡು ಸಲ ಓದಿದ, ತಂಗಿಯ ಮಾತು ಎಲ್ಲಿಯೂ ಇಲ್ಲ ಎಂಬುದನ್ನು ನೋಡಿದ, ಪೆನ್ನು ತೆಗೆದುಕೊಂಡ.

"ಕಾಗದದಾಗ ನನ್ನ ಹೆಸರ ಇರ್ಲಿರಿ. ರೊಕ್ಕ ಬಂದ ದಿನಾ ನಾ ಇಚಲಕರಂಜಿಗೆ ಹೋಗಿ ಆಕಿ ಕೈಯಾಗ ಇಟ್ಟ, ನಿಮಗ ಫೋನ್ ಹಚ್ಚತೇನಿ. ಬರದದ್ದರ ಮ್ಯಾಲ ಗೀಟ ಹೊಡದಾರಂತ ಕೊಟ್ಟ ಮಾತ ಹೋಗಬಾರದಲ್ರಿ."

ಸಹಿ ಮಾಡಿ ಕಾಗದ ಕೈಗಿತ್ತ. ನಾನು ಬೈಕಿನ ಕಡೆ ಹೊರಟಾಗ, ಚಹಾ ಕುಡಿಯುತ್ತೀರಾ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದ.

"ನಿಮಗ ಅಕ್ಕತಂಗ್ಯಾರ ಅದಾರೇನ್ರಿ?"

ಒಬ್ಬಳಿದ್ದಾಳೆ ಎಂದೆ. ಅಷ್ಟೇ ಹೇಳಿ ಬೈಕಿಗೆ ಕಿಕ್ ಹೊಡೆದೆ. ಮೊದಲ ಸಲಕ್ಕೆ ಹತ್ತಲಿಲ್ಲ.

ಎರಡು ತಿಂಗಳ ಮೇಲೆ, ನಾನು ಕಾಗವಾಡದ ಒಂದು ದ್ರಾಕ್ಷಿ ತೋಟದಲ್ಲಿದ್ದಾಗ, ಅವನ ಫೋನು ಬಂತು. ಮುಟ್ಟಿತ್ರಿ ಸಾಹೇಬ್ರ, ಎಂದ. ಹಿಂದಿನಿಂದ ಒಬ್ಬ ಹೆಂಗಸು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಆ ಸಾಹೇಬರಿಗೆ ಉಪ್ಪಿನಕಾಯಿ ಕೊಟ್ಟು ಕಳಿಸುತ್ತೇನೆಂದು ಹೇಳು ಎನ್ನುತ್ತಿದ್ದಳು. ನಾನು ದ್ರಾಕ್ಷಿ ಚಪ್ಪರದ ಕೆಳಗೆ ಫೋನು ಹಿಡಿದು ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದೆ. ಕಾಗವಾಡದಿಂದ ಉಗಾರ ಎಷ್ಟು ದೂರ? ಬಾಯಿಗೆ ಹಾಕಿಕೊಂಡ ಒಂದು ಬೀಡಾ ಮುಗಿಯುವಷ್ಟರಲ್ಲಿ ಬೈಕು ಮುಟ್ಟುವ ದಾರಿ. ಆ ದಿನ ಹೋಗಲಿಲ್ಲ. ಹೋಗುವ ಮೊದಲು ನನಗೊಂದು ಅಂಕಿ ಬೇಕಿತ್ತು. ಇಷ್ಟಾಗಿತ್ತು ನಿನ್ನ ಗಿಡದ ಬೆಲೆ ಎಂದು ಇಡಬೇಕಿತ್ತು. ಬರಿಯ ತಪ್ಪಾಯಿತು ಎನ್ನುವುದು ನನ್ನ ಬಾಯಿಗೆ ಬರುವ ಮಾತಲ್ಲ.

ಶನಿವಾರ ಮಧ್ಯಾಹ್ನ ಕಚೇರಿ ಖಾಲಿಯಾದ ಮೇಲೆ ಒಂದು ಫಾರಂ ತೆಗೆದುಕೊಂಡು ಕೂತೆ. ಜಾತಿ, ಹುಣಸೆ. ಸ್ಥಳ, ಮೂಡಣ ಬದು. ಸುತ್ತಳತೆ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಗಿಡ ಇಲ್ಲ, ಬೊಡ್ಡೆಯನ್ನು ನಾನೇ ಸುಟ್ಟಿದ್ದೇನೆ. ಸಾವಿರಾರು ಗಿಡಗಳಿಗೆ ಟೇಪು ಸುತ್ತಿದವನು ನಮ್ಮ ಗಿಡಕ್ಕೆ ಒಮ್ಮೆಯೂ ಸುತ್ತಿರಲಿಲ್ಲ.

ಆದರೆ ತೆಕ್ಕೆ ಹಾಕಿದ್ದೆ. ನನಗೆ ಆರು ವರ್ಷ, ಅಕ್ಕನಿಗೆ ಹನ್ನೆರಡು. ಹೊಲದಲ್ಲಿ ಮಧ್ಯಾಹ್ನದ ಊಟವಾದ ಮೇಲೆ ನನಗೆ ಒಂದೇ ಹುಚ್ಚು, ಗಿಡ ಅಳೆಯೋಣ ಬರ್ರಿ ಅಂತ. ಅಪ್ಪ, ಅಕ್ಕ, ನಾನು ಮೂವರೂ ಕೈ ಕೈ ಹಿಡಿದು ಗಿಡವನ್ನು ತಬ್ಬುತ್ತಿದ್ದೆವು. ನನ್ನ ಎಡಗೈ ಅಪ್ಪನ ಕೈಯಲ್ಲಿ, ಬಲಗೈ ಅಕ್ಕನ ಕೈಯಲ್ಲಿ, ಮೂಗು ತೊಗಟೆಗೆ ಒತ್ತಿ, ಮುಟ್ಟಿತೇನು ಎಂದು ಕೂಗುತ್ತಿದ್ದೆ. ಗಿಡದ ಆಚೆಯಿಂದ ಅಕ್ಕ ಮುಟ್ಟಿತು ಎಂದು ಕೂಗುತ್ತಿದ್ದಳು. ನಾನು ಕುಣಿಯುತ್ತಿದ್ದೆ.

ಅಷ್ಟು ಸಾಕಿತ್ತು ನನಗೆ. ಅಪ್ಪ ಹೆಚ್ಚು ಕಡಿಮೆ ನನ್ನಷ್ಟೇ ಎತ್ತರ. ಎದ್ದು ಗೋಡೆಗೆ ಎದೆಯಾನಿಸಿ ಕೈ ಚಾಚಿ, ಬೆರಳ ತುದಿಗಳಿಗೆ ಸೀಮೆಸುಣ್ಣದ ಗುರುತು ಮಾಡಿ, ಟೇಪು ಹಿಡಿದು ಅಪ್ಪನ ತೆಕ್ಕೆ ಬರೆದುಕೊಂಡೆ. ಹನ್ನೆರಡು ವರ್ಷದ ಹುಡುಗಿಯ ತೆಕ್ಕೆಗೆ ಹೆಂಡತಿಗೆ ಫೋನು ಮಾಡಿ, ಎದುರುಮನೆಯ ಹುಡುಗಿಯ ಕೈಯಳತೆ ತೆಗೆಯಲು ಹೇಳಿದೆ. ಆರು ವರ್ಷದ್ದಕ್ಕೆ ಮೊಮ್ಮಗನದು. ಬಿಸಿಲಿಗೆ ನಿಮಗೆ ತಲೆ ಕೆಟ್ಟಿದೆ ಎಂದು ಹೆಂಡತಿ ಬೈದಳು, ಆದರೂ ಅಳೆದು ಹೇಳಿದಳು. ಮೂರನ್ನೂ ಕೂಡಿಸಿ, ಅಲ್ಲಿಂದ ಕಡಿಸುವವರೆಗೆ ಗಿಡ ದಪ್ಪವಾದದ್ದಕ್ಕೆ ಒಂದಿಷ್ಟು ಸೇರಿಸಿದೆ. ಹದಿನೈದು ಅಡಿ ಚಿಲ್ಲರೆ. ಇಷ್ಟು ಪಕ್ಕಾ ಅಂದಾಜನ್ನು ಯಾವ ಅಧಿಕಾರಿಯೂ ಮಾಡಿರಲಾರ ಎಂದು ಆ ದುಃಖದಲ್ಲಿಯೂ ಒಳಗೊಳಗೇ ಬೀಗಿದೆ.

ಮುಂದಿನದೆಲ್ಲ ಸರಸರ ಸಾಗಿತು. ವರ್ಷಕ್ಕೆ ಎಷ್ಟು ಫಲ, ಹೊತ್ತವನಿಗೇ ಗೊತ್ತು. ಇನ್ನುಳಿದ ಆಯುಷ್ಯ, ಅರವತ್ತು ವರ್ಷ. ಹುಣಸೆಗೆ ಅದು ಹೆಚ್ಚೇನಲ್ಲ. ಕೊನೆಗೆ ದೋಷಗಳು ಎಂಬ ಒಂದು ಕಲಮು ಇದೆ. ಕೈ ತನ್ನಷ್ಟಕ್ಕೆ ತಾನೇ ಟೊಳ್ಳು ಎಂದು ಬರೆದು, ಅದಕ್ಕೆ ಎಷ್ಟು ಕಳೆಯಬೇಕೋ ಅಷ್ಟನ್ನು ಕಳೆದೂಬಿಟ್ಟಿತ್ತು. ಆಮೇಲೆ ನೋಡಿದೆ. ಹದಿನೆಂಟು ವರ್ಷದಲ್ಲಿ ನನ್ನ ಸುಳ್ಳನ್ನು ನಾನೇ ನಂಬಿದ್ದೆ. ಫಾರಂ ಹರಿದುಹಾಕಿ ಇನ್ನೊಂದರ ಮೇಲೆ ಮೊದಲಿನಿಂದ ಬರೆದೆ. ದೋಷ, ಇಲ್ಲ. ಎಂಬತ್ನಾಲ್ಕು ಸಾವಿರ ಬಂತು. ಸೋಮವಾರ ಬ್ಯಾಂಕಿನಿಂದ ಅಷ್ಟನ್ನೂ ತೆಗೆದು, ಲಕೋಟೆಯಲ್ಲಿ ಹಾಕಿ, ಫಾರಮ್ಮನ್ನು ಮಡಿಸಿ ಅದರ ಜೊತೆಗಿಟ್ಟು, ಉಗಾರದ ದಾರಿ ಹಿಡಿದೆ.

ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಸಂತೆಯಿಂದ ಕೊಂಡುತಂದದ್ದು, ಕರಿದಾಗಿ ಒಣಗಿತ್ತು. ಕಾರ್ಖಾನೆಯಿಂದ ನಿವೃತ್ತರಾದ ಮಾಮಾ ಒಳಗೆ ಮಲಗಿದ್ದರು. ನನ್ನನ್ನು ನೋಡಿ ಯಾರು ಹೋದರು ಎಂದು ಕೇಳಿದಳು. ಸಾವಿನ ಸುದ್ದಿ ಇಲ್ಲದೆ ನಾನು ಬಂದೇನೆಂದು ಅವಳಿಗೆ ಅನಿಸಿರಲಿಲ್ಲ. ಯಾರೂ ಹೋಗಿಲ್ಲ ಎಂದೆ. ಮಂಚ ತೋರಿಸಿದಳು, ನಾನು ಕೂರಲಿಲ್ಲ. ಬಾಗಿಲಿಂದ ಗೋಡೆಯ ಗೂಟದವರೆಗೆ, ಗೂಟದಿಂದ ಬಾಗಿಲವರೆಗೆ ನಡೆಯುತ್ತಲೇ ಹೇಳಿದೆ. ಗಿಡ ಟೊಳ್ಳಾಗಿರಲಿಲ್ಲ, ಕಬ್ಬಿಗೆ ನೆರಳಾಗುತ್ತಿತ್ತೆಂದು ಕಡಿಸಿದೆ, ಹಣ ನಾನೇ ತಿಂದೆ, ನಿನಗೆ ಸುಳ್ಳು ಹೇಳಿದೆ. ಹೇಳಿ ಲಕೋಟೆಯನ್ನು ಅವಳ ಮುಂದಿಟ್ಟೆ.

ಅವಳ ಕೈ ನಿಂತಿತು. ಹಿಡಿದಿದ್ದ ಹಣ್ಣನ್ನು ಬುಟ್ಟಿಗೆ ಹಾಕಿದಳು.

"ನನಗ ಗೊತ್ತಿತ್ತ. ಅವ್ವನ ದಿನಕ್ಕ ಬಂದಾಗ ಆ ಬೊಡ್ಡಿ ಮ್ಯಾಲ ಕುಂತಿದ್ದೆ, ಒಳಗ ಪೂರಾ ಗಟ್ಟಿ ಇತ್ತ. ಕಬ್ಬಿನಾಗ ನೀ ನಿಂತದ್ದೂ ಗೊತ್ತ. ಈಗ ಬರ್ತಿ, ಈಗ ಹೇಳ್ತಿ ಅಂತ ಹಾದಿ ನೋಡಿದೆ."

ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಲಕೋಟೆ ತೆರೆದಳು, ಹಣವನ್ನು ಬದಿಗಿಟ್ಟು ಮೊದಲು ಆ ಫಾರಂ ಬಿಡಿಸಿದಳು. ಇದೇನು ಎಂದಳು. ಸುತ್ತಳತೆ ಹೇಗೆ ತೆಗೆದೆ ಎಂಬುದನ್ನು ನಾನು ಹೇಳಿದೆ. ಅಪ್ಪನ ತೆಕ್ಕೆ, ಅವಳ ತೆಕ್ಕೆ, ನನ್ನ ತೆಕ್ಕೆ. ಹೇಳುತ್ತಿರುವಾಗಲೇ ಅವಳ ಮುಖದಲ್ಲಿ ಏನೋ ಬದಲಾಯಿತು. ನಗು ತಡೆಯುತ್ತಿದ್ದಾಳೋ ಅಳು ತಡೆಯುತ್ತಿದ್ದಾಳೋ ತಿಳಿಯಲಿಲ್ಲ.

"ಇದ ತಪ್ಪೈತಿ ತಮ್ಮಾ. ಮುಟ್ಟತಿದ್ದಿಲ್ಲೋ. ಅಪ್ಪನ ಕೈ ನನ್ನ ಕೈ ಎಂದೂ ಮುಟ್ಟಲಿಲ್ಲ. ಆ ಕಡಿ ನಿನಗ ಕಾಣತಿರಲಿಲ್ಲಲ್ಲ, ನೀ ಅಳತಿ ಅಂತ ನಾವಿಬ್ಬರೂ ನಡಕ ಅಪ್ಪನ ಟವೆಲ್ ಹಿಡಕೊಂಡ ನಿಂದರತಿದ್ವಿ."

ನಾನು ನಡೆಯುವುದನ್ನು ನಿಲ್ಲಿಸಿದೆ. ಐವತ್ತೆರಡು ವರ್ಷ ನಾನು ನಂಬಿದ್ದ ಒಂದು ಸುತ್ತಳತೆಯಲ್ಲಿ ಒಂದು ಟವೆಲ್ ಇತ್ತು. ಗಿಡದ ಆಚೆ ಬದಿಯಲ್ಲಿ ಅಪ್ಪ ಒಂದು ತುದಿ ಹಿಡಿದು, ಅಕ್ಕ ಒಂದು ತುದಿ ಹಿಡಿದು, ನನಗೋಸ್ಕರ ಮುಟ್ಟಿತು ಎಂದು ಕೂಗುತ್ತ. ಅವರು ನನಗೆ ಹೇಳಿದ ಸುಳ್ಳು ಅದು. ನಾನು ಅವಳಿಗೆ ಹೇಳಿದ್ದು ಇನ್ನೊಂದು. ಏನು ಮಾಡಬೇಕೆಂದು ತೋಚದೆ ನಾನು ಮಾಡಿದ್ದು ಒಂದೇ, ಜೇಬಿನಿಂದ ಪೆನ್ನು ತೆಗೆದದ್ದು. ಟವೆಲ್ ಎಷ್ಟು ಉದ್ದ ಹಿಡಿಯುತ್ತಿದ್ದಿರಿ, ಒಂದು ಮೊಳವೋ ಎರಡೋ ಎಂದು ಕೇಳಿದೆ.

ಅಕ್ಕ ಪೆನ್ನನ್ನು ಕೈಯಿಂದ ಕಿತ್ತುಕೊಂಡಳು. ಹಣದ ಲಕೋಟೆಯನ್ನು ಎತ್ತಿ ತನ್ನ ಮಗ್ಗುಲಿಗಿಟ್ಟುಕೊಂಡಳು.

"ಇದ ನಂದ ಐತಿ, ತಗೋತೇನಿ. ಬ್ಯಾಡ ಅನ್ನಾಂಗಿಲ್ಲ. ಆ ಟವೆಲ್ಲಿನಷ್ಟ ಬಾಕಿ ಉಳೀತು. ಅದನ್ನ ರೊಕ್ಕದಾಗ ಕೊಡಬ್ಯಾಡ, ಫೋನಿನಾಗೂ ಹಾಕಬ್ಯಾಡ. ವರ್ಷಾ ಶಿವರಾತ್ರಿ ಮುಂದ ಒಂದ ಚೀಲ ಹಣ್ಣ ತಾ. ಸಂತ್ಯಾಗಿಂದ ತಂದರೂ ನಡದೀತು. ಹೊತ್ಕೊಂಡ ನೀನ ಬರಬೇಕ."

ನನ್ನ ಬಾಯಿ ಚಟ ಬಿಡಲಿಲ್ಲ. ಎಷ್ಟು ವರ್ಷ ಎಂದು ಕೇಳಿದೆ.

"ಆ ಗಿಡ ಎಷ್ಟ ವರ್ಷ ಇರತಿತ್ತೋ ಅಷ್ಟ."

ಫಾರಂ ಅವಳ ತೊಡೆಯ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಅದರಲ್ಲಿ ನನ್ನದೇ ಕೈಬರಹದಲ್ಲಿ ಇನ್ನುಳಿದ ಆಯುಷ್ಯ ಅರವತ್ತು ವರ್ಷ ಎಂದಿತ್ತು. ಅಕ್ಕನಿಗೆ ಆಗ ಅರವತ್ನಾಲ್ಕು ನಡೆಯುತ್ತಿತ್ತು, ನನಗೆ ಐವತ್ತೆಂಟು. ಅದನ್ನು ನಾನು ಅವಳಿಗೆ ಓದಿ ಹೇಳಲಿಲ್ಲ. ನೆಲಕ್ಕೆ ಕೂತೆ, ಬುಟ್ಟಿಯನ್ನು ನಡುವೆ ಎಳೆದುಕೊಂಡು, ಅವಳ ಜೊತೆ ಹುಣಸೆಹಣ್ಣು ಬಿಡಿಸತೊಡಗಿದೆ.